ಬಂದ ಕರೆಂಟ್ ವಾಪಸ್ ಹೋಗುವುದಾದರೆ ಬಿಲ್ ಯಾವುದಕ್ಕೆ?

ಪ್ರಶ್ನೆ: ಸರ್, ನಾನು ಹಾವೇರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಹತ್ತನೆಯ ತರಗತಿ ಓದುತ್ತಿದ್ದೇನೆ. ನಮ್ಮದು ಹಿಟ್ಟಿನ ಗಿರಣಿ ಇದೆ. ಬಲ್ಬಿನ ಒಳಗೆ ಹೋದಷ್ಟೇ ವಿದ್ಯುತ್ ಪ್ರವಾಹ ಹೊರಗೆ ಬರುತ್ತದೆ, ಸ್ವಲ್ಪವೂ ಕಡಿಮೆಯಾಗುವುದಿಲ್ಲ ಎಂದು ಪಾಠದಲ್ಲಿದೆ. ಅಪ್ಪನಿಗೆ ಇದನ್ನು ಹೇಳಿದೆ. ‘ಬಂದ ಕರೆಂಟೆಲ್ಲ ವಾಪಸ್ ಹೋಗುವುದಾದರೆ ನಾನು ತಿಂಗಳು ತಿಂಗಳು ಬಿಲ್ ಕಟ್ಟುವುದು ಯಾವುದಕ್ಕೆ?’ ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಇನ್ನೊಂದು ಅನುಮಾನ: ವಾಪಸ್ ಹೋಗುವ ತಂತಿಗೆ ಎಲೆಕ್ಟ್ರಿಷಿಯನ್ ಟೆಸ್ಟರ್ ಇಟ್ಟರೆ ಅದು ಉರಿಯುವುದಿಲ್ಲ. ಹಾಗಾದರೆ ಅದರಲ್ಲಿ ಕರೆಂಟ್ ಇದೆಯೋ ಇಲ್ಲವೋ? ವೋಲ್ಟ್, ಆಂಪಿಯರ್, ವ್ಯಾಟ್, ಯೂನಿಟ್ ಎಲ್ಲದರ ವ್ಯಾಖ್ಯೆ ಬಾಯಿಪಾಠವಾಗಿದೆ, ಅರ್ಥ ಮಾತ್ರ ಆಗಿಲ್ಲ.

ಉತ್ತರ: ಮೊದಲು ನಿನ್ನ ಅಪ್ಪನಿಗೆ ನನ್ನ ನಮಸ್ಕಾರ ತಿಳಿಸು. ಮೂವತ್ತು ವರ್ಷ ಸಬ್‌ಸ್ಟೇಷನ್‌ಗಳಲ್ಲಿ ದುಡಿದವನು ನಾನು. ಡಿಪ್ಲೊಮಾ ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರನ್ನು ಇದೇ ಪ್ರಶ್ನೆ ಕೇಳಿ ಕಾಡಿಸುತ್ತಿದ್ದೆ. ಸೂತ್ರಗಳನ್ನು ನೀರು ಕುಡಿದಂತೆ ಒಪ್ಪಿಸುವವರೂ ಇಲ್ಲಿಗೆ ಬಂದಾಗ ತಲೆ ಕೆರೆದುಕೊಳ್ಳುತ್ತಿದ್ದರು. ನಿನ್ನ ಪಾಠ ಹೇಳಿದ್ದೂ ಸರಿ, ಅಪ್ಪ ಕೇಳಿದ್ದೂ ಸರಿ. ಎಡವಟ್ಟು ಇರುವುದು ‘ಕರೆಂಟ್’ ಎಂಬ ಪದದಲ್ಲಿ.

ನಾವು ಈ ಒಂದು ಪದದ ಹೆಗಲಿಗೆ ಎಷ್ಟು ಹೊರೆ ಹೊರಿಸಿದ್ದೇವೆ ನೋಡು. ‘ಕರೆಂಟ್ ಹೋಯಿತು’ ಎನ್ನುತ್ತೇವೆ. ಆಗ ನಿಜವಾಗಿ ಹೋದದ್ದು ವೋಲ್ಟೇಜ್. ‘ಕರೆಂಟ್ ಹೊಡೆಯಿತು’ ಎನ್ನುತ್ತೇವೆ; ಮೈಯಲ್ಲಿ ಹರಿದುಹೋದದ್ದು ನಿಜವಾದ ಕರೆಂಟ್, ಅಂದರೆ ಆಂಪಿಯರಿನಲ್ಲಿ ಅಳೆಯುವಂಥದ್ದು. ‘ಕರೆಂಟ್ ಬಿಲ್’ ಎನ್ನುತ್ತೇವೆ. ಕಟ್ಟುವುದು ಶಕ್ತಿಯ ಬೆಲೆ. ಪಠ್ಯಪುಸ್ತಕದ ಪದಗಳೂ ಅಷ್ಟೇನೂ ಸಹಾಯಕ್ಕೆ ಬರುವುದಿಲ್ಲ. ‘ಪ್ರವಾಹ’ ಎಂದ ಕೂಡಲೇ ತುಂಗಭದ್ರೆಯ ನೆರೆ ಕಣ್ಣ ಮುಂದೆ ಬರುತ್ತದೆ. ‘ಆವೇಶ’ (ಇಂಗ್ಲಿಷಿನ ಚಾರ್ಜ್) ಎಂದರೆ ಜಾತ್ರೆಯಲ್ಲಿ ಮೈಮೇಲೆ ಬರುವುದು ನೆನಪಾಗುತ್ತದೆ. ತಂತಿಯೊಳಗೆ ನೆರೆಯೂ ಇಲ್ಲ, ಮೈಮೇಲೆ ಬರುವುದೂ ಇಲ್ಲ. ಅಲ್ಲಿ ನಡೆಯುವುದು ಬಹಳ ನಿಧಾನದ, ಬಹಳ ಶಿಸ್ತಿನ ಚಲನೆ.

ಹೋದಷ್ಟೇ ವಾಪಸ್ ಬರುತ್ತದೆ ಎನ್ನುವುದನ್ನು ನಂಬಬೇಕಾಗಿಲ್ಲ, ನೋಡಬಹುದು. ಎರಡು ಒಂದೇ ಬಗೆಯ ಟಾರ್ಚ್ ಬಲ್ಬುಗಳನ್ನು ಒಂದರ ಹಿಂದೆ ಒಂದರಂತೆ, ಅಂದರೆ ಸರಣಿಯಲ್ಲಿ, ಎರಡು ಸೆಲ್ಲಿಗೆ ಜೋಡಿಸು. ಮೊದಲನೆಯ ಬಲ್ಬು ಕರೆಂಟನ್ನು ತಿನ್ನುತ್ತದೆ ಎನ್ನುವುದಾದರೆ ಎರಡನೆಯದಕ್ಕೆ ಸಿಗುವುದು ಎಂಜಲು. ಅದು ಮಂಕಾಗಿ ಉರಿಯಬೇಕು. ಹಾಗೆ ಆಗುವುದಿಲ್ಲ. ಎರಡೂ ಒಂದೇ ಸಮ ಉರಿಯುತ್ತವೆ. ಸೆಲ್ಲುಗಳನ್ನು ತಿರುಗಿಸಿ ಹಾಕಿದರೂ ಅಷ್ಟೇ.

ಮನೆಯ ಕರೆಂಟಿಗೂ ಇದೇ ಮಾತು. ಎಲೆಕ್ಟ್ರಿಷಿಯನ್ ಬಳಿ ಕ್ಲ್ಯಾಂಪ್ ಮೀಟರ್ ಇರುತ್ತದೆ, ಇಕ್ಕಳದ ಹಾಗೆ ಬಾಯಿ ತೆರೆದು ತಂತಿಯನ್ನು ಮುಟ್ಟದೆಯೇ ಸುತ್ತಲಿಂದ ಹಿಡಿಯುವ ಉಪಕರಣ. 1000 ವ್ಯಾಟಿನ ಇಸ್ತ್ರಿಪೆಟ್ಟಿಗೆ ಹಾಕಿ, ಫೇಸ್ ತಂತಿಯನ್ನು, ಅಂದರೆ ಕರೆಂಟ್ ಬರುವ ತಂತಿಯನ್ನು, ಮೀಟರಿನ ಬಾಯಿಯೊಳಗೆ ಹಿಡಿದರೆ 4.3 ಆಂಪಿಯರಿನಷ್ಟು ತೋರಿಸುತ್ತದೆ. ನ್ಯೂಟ್ರಲ್ ತಂತಿಯನ್ನು, ಅಂದರೆ ವಾಪಸ್ ಹೋಗುವ ತಂತಿಯನ್ನು, ಹಿಡಿದರೂ ಅದೇ 4.3. ಈಗ ಎರಡೂ ತಂತಿಗಳನ್ನು ಒಟ್ಟಿಗೆ ಬಾಯಿಯೊಳಗೆ ಸೇರಿಸಿದರೆ? ಸೊನ್ನೆ. ಒಂದರ ಕಾಂತ ಪ್ರಭಾವವನ್ನು ಇನ್ನೊಂದು ಪೂರ್ತಿ ಅಳಿಸಿಹಾಕುತ್ತದೆ. ಹೊಸ ಹುಡುಗರಿಗೆ ಇದನ್ನು ತೋರಿಸಿದಾಗ ಅವರು ಮೀಟರ್ ಕೆಟ್ಟಿದೆ ಎಂದುಕೊಂಡು ಅದನ್ನು ತಟ್ಟಿ ನೋಡುತ್ತಿದ್ದರು. ಆ ಸೊನ್ನೆಯನ್ನು ನೆನಪಿಟ್ಟುಕೋ, ಮುಂದೆ ಒಂದು ಕಡೆ ಅದು ಪ್ರಾಣ ಉಳಿಸುತ್ತದೆ. (ಇದನ್ನು ನೀನು ಮಾಡಲು ಹೋಗಬೇಡ. ಎಲೆಕ್ಟ್ರಿಷಿಯನ್ ಬಂದಾಗ ತೋರಿಸಲು ಕೇಳು.)

ಹಾಗಾದರೆ ಖರ್ಚಾಗುವುದು ಏನು? ಉತ್ತರ ನಿಮ್ಮ ಗಿರಣಿಯಲ್ಲೇ ಇದೆ. ಪುಸ್ತಕದಲ್ಲಿ ವಿದ್ಯುತ್ತನ್ನು ಕೊಳವೆಯ ನೀರಿಗೆ ಹೋಲಿಸುತ್ತಾರೆ. ನನಗೆ ಆ ಹೋಲಿಕೆಯ ಮೇಲೆ ಅಷ್ಟು ಪ್ರೀತಿಯಿಲ್ಲ. ನಲ್ಲಿಯ ನೀರನ್ನು ನಾವು ಬಳಸಿ ಚೆಲ್ಲುತ್ತೇವೆ, ಅದು ಬಂದ ದಾರಿಯಲ್ಲಿ ವಾಪಸ್ ಹೋಗುವುದಿಲ್ಲ. ಈ ಗೊಂದಲ ಹುಟ್ಟುವುದೇ ಅಲ್ಲಿಂದ. ಗಿರಣಿಯ ಬೆಲ್ಟ್ ಎಷ್ಟೋ ವಾಸಿ.

ಮೋಟಾರಿನ ಪುಲ್ಲಿಯಿಂದ ಕಲ್ಲಿನ ಪುಲ್ಲಿಗೆ ಹೋಗಿ ಸುತ್ತಿ ವಾಪಸ್ ಬರುವ ಚಪ್ಪಟೆ ಬೆಲ್ಟನ್ನು ನೀನು ಹುಟ್ಟಿದಾಗಿನಿಂದ ನೋಡಿದ್ದೀಯ. ಈ ಸಲ ಸ್ವಲ್ಪ ದೂರದಲ್ಲಿ ನಿಂತು ಅದರ ಎರಡು ಬದಿಗಳನ್ನು ಬೇರೆ ಬೇರೆಯಾಗಿ ನೋಡು. ಒಂದು ಬದಿ ಬಿಗಿಯಾಗಿ, ದಾರ ಎಳೆದಂತೆ ನೇರವಾಗಿರುತ್ತದೆ. ಇನ್ನೊಂದು ಬದಿ ಸಡಿಲವಾಗಿ, ಸ್ವಲ್ಪ ಜೋತುಬಿದ್ದು ಪಟಪಟ ಅಲುಗುತ್ತಿರುತ್ತದೆ. ಅಪ್ಪ ಜೋಳ ಸುರಿದು ಕಲ್ಲನ್ನು ಬಿಗಿ ಮಾಡಿದ ಕ್ಷಣಕ್ಕೆ ಬಿಗಿ ಬದಿ ಇನ್ನಷ್ಟು ಬಿಗಿಯಾಗುತ್ತದೆ, ಸಡಿಲ ಬದಿ ಇನ್ನಷ್ಟು ಜೋತುಬೀಳುತ್ತದೆ. ಆದರೆ ಎರಡೂ ಬದಿಗಳು ಓಡುವ ವೇಗ ಒಂದೇ. ಕಲ್ಲಿನ ಕಡೆಗೆ ಒಂದು ನಿಮಿಷದಲ್ಲಿ ಎಷ್ಟು ಮೀಟರ್ ಬೆಲ್ಟ್ ಹೋಗುತ್ತದೆಯೋ ಅಷ್ಟೇ ಮೀಟರ್ ವಾಪಸ್ ಬರುತ್ತದೆ. ಸಂಜೆ ಗಿರಣಿ ನಿಲ್ಲಿಸಿ ಅಳೆದರೆ ಬೆಲ್ಟ್ ಒಂದು ಗೇಣೂ ಕಡಿಮೆಯಾಗಿರುವುದಿಲ್ಲ. ಹಾಗೆಂದು ಜೋಳ ಹಿಟ್ಟಾಗಲಿಲ್ಲವೇ?

ಮೋಟಾರಿನಿಂದ ಕಲ್ಲಿಗೆ ದಾಟಿದ್ದು ಬೆಲ್ಟ್ ಅಲ್ಲ, ಶಕ್ತಿ. ಬೆಲ್ಟ್ ಬರೀ ಸಾಗಿಸುವ ಸಾಧನ. ಸೆಕೆಂಡಿಗೆ ಎಷ್ಟು ಶಕ್ತಿ ದಾಟಿತು ಎನ್ನುವುದನ್ನು ಎಂಜಿನಿಯರುಗಳು ಹೀಗೆ ಲೆಕ್ಕ ಹಾಕುತ್ತಾರೆ: ಬಿಗಿ ಬದಿಯ ಎಳೆತದಿಂದ ಸಡಿಲ ಬದಿಯ ಎಳೆತವನ್ನು ಕಳೆದು, ಬರುವ ವ್ಯತ್ಯಾಸವನ್ನು ಬೆಲ್ಟಿನ ವೇಗದಿಂದ ಗುಣಿಸುವುದು. ಈಗ ಈ ವಾಕ್ಯದಲ್ಲಿ ಎರಡು ಪದ ಬದಲಿಸು. ಎಳೆತದ ವ್ಯತ್ಯಾಸ ಇದ್ದಲ್ಲಿ ವೋಲ್ಟೇಜ್ ಎಂದು ಇಡು, ನಿನ್ನ ಪುಸ್ತಕದ ಭಾಷೆಯಲ್ಲಿ ವಿಭವಾಂತರ. ವೇಗ ಇದ್ದಲ್ಲಿ ಕರೆಂಟ್ ಎಂದು ಇಡು. ವೋಲ್ಟೇಜ್ ಗುಣಿಸು ಕರೆಂಟ್, ಬಂದದ್ದು ವ್ಯಾಟ್. ಫೇಸ್ ತಂತಿ ಬಿಗಿ ಬದಿ, ನ್ಯೂಟ್ರಲ್ ಸಡಿಲ ಬದಿ. ಎರಡರಲ್ಲೂ ಒಂದೇ ಕರೆಂಟ್, ಆದರೆ ಎರಡರ ಮಟ್ಟ ಬೇರೆ. ಆ ಮಟ್ಟದ ವ್ಯತ್ಯಾಸಕ್ಕೇ ಅಪ್ಪ ದುಡ್ಡು ಕೊಡುವುದು.

ಹೋಲಿಕೆ ಎಲ್ಲಿ ಕುಂಟುತ್ತದೆ ಎಂದೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಿಮ್ಮ ವಿಜ್ಞಾನದ ಮೇಷ್ಟ್ರು ನನ್ನನ್ನು ಹಿಡಿದುಕೊಳ್ಳುತ್ತಾರೆ. ಗಿರಣಿಯಲ್ಲಿ ಬೆಲ್ಟಿನ ವೇಗ ಹೆಚ್ಚುಕಡಿಮೆ ಸ್ಥಿರ, ಹೊರೆ ಹೆಚ್ಚಾದಂತೆ ಎಳೆತದ ವ್ಯತ್ಯಾಸ ಹೆಚ್ಚುತ್ತದೆ. ಮನೆಯ ವಿದ್ಯುತ್ತಿನಲ್ಲಿ ಉಲ್ಟಾ: ವ್ಯತ್ಯಾಸ 230 ವೋಲ್ಟ್ ಎಂದು ಗಟ್ಟಿಯಾಗಿ ನಿಂತಿರುತ್ತದೆ, ಹೊರೆ ಹೆಚ್ಚಾದಂತೆ ಕರೆಂಟ್ ಹೆಚ್ಚುತ್ತದೆ. ಇನ್ನೊಂದು, ನಿಮ್ಮ ಗಿರಣಿಯ ಮೋಟಾರ್ ತ್ರೀ ಫೇಸಿನದು. ಅಲ್ಲಿ ಹೋಗುವ ತಂತಿ ಬರುವ ತಂತಿ ಎಂದು ಬೇರೆಯಾಗಿ ಇಲ್ಲ, ಮೂರು ತಂತಿಗಳು ಸರದಿಯಂತೆ ಕೊಟ್ಟು ತೆಗೆದುಕೊಳ್ಳುತ್ತವೆ. ಯಾವ ಕ್ಷಣದಲ್ಲಿ ನೋಡಿದರೂ ಮೂರರ ಒಟ್ಟು ಲೆಕ್ಕ ಸೊನ್ನೆಯೇ.

ಈಗ ನೀನು ಬಾಯಿಪಾಠ ಮಾಡಿದ ಪದಗಳಿಗೆ ಬರೋಣ. ತಂತಿಯೊಳಗೆ ಚಲಿಸುವ ಎಲೆಕ್ಟ್ರಾನುಗಳನ್ನು ಒಂದೊಂದಾಗಿ ಎಣಿಸುವುದು ಕಷ್ಟ. ಎಳ್ಳನ್ನು ಕಾಳಿನ ಲೆಕ್ಕದಲ್ಲಿ ಮಾರದೆ ಸೇರಿನ ಲೆಕ್ಕದಲ್ಲಿ ಮಾರುವಂತೆ ಅವುಗಳ ಆವೇಶಕ್ಕೂ ಒಂದು ಸೇರು ಮಾಡಿಕೊಂಡಿದ್ದಾರೆ, ಅದರ ಹೆಸರು ಕೂಲಂಬ್. ಒಂದು ಕೂಲಂಬ್ ಆಗಲು 6ರ ಮುಂದೆ ಹದಿನೆಂಟು ಸೊನ್ನೆ ಬರೆದಷ್ಟು, ಅದಕ್ಕೂ ಸ್ವಲ್ಪ ಹೆಚ್ಚು, ಎಲೆಕ್ಟ್ರಾನುಗಳ ಆವೇಶ ಬೇಕು. ತಂತಿಯ ಯಾವುದೇ ಒಂದು ಜಾಗದಲ್ಲಿ ಸೆಕೆಂಡಿಗೆ ಒಂದು ಕೂಲಂಬ್ ದಾಟಿದರೆ ಅದು ಒಂದು ಆಂಪಿಯರ್. ಒಂದೊಂದು ಕೂಲಂಬ್ ತಾನು ಹಾದುಹೋಗುವಾಗ ಎಷ್ಟು ಜೂಲ್ ಶಕ್ತಿ ಬಿಟ್ಟುಕೊಟ್ಟಿತೋ ಅದು ವೋಲ್ಟ್. ಗಡಿಯಾರದ ಸೆಲ್ಲಿನಲ್ಲಿ 1.5 ಜೂಲ್, ಮನೆಯ ಸಾಕೆಟ್ಟಿನಲ್ಲಿ 230 ಜೂಲ್. ಇಸ್ತ್ರಿಪೆಟ್ಟಿಗೆಯಲ್ಲಿ ಸೆಕೆಂಡಿಗೆ 4.35 ಕೂಲಂಬ್ ದಾಟುತ್ತದೆ, ಒಂದೊಂದೂ 230 ಜೂಲ್ ಬಿಡುತ್ತದೆ. ಗುಣಿಸಿದರೆ ಸೆಕೆಂಡಿಗೆ ಸುಮಾರು 1000 ಜೂಲ್. ಸೆಕೆಂಡಿಗೆ ಒಂದು ಜೂಲ್ ಎಂದರೆ ಒಂದು ವ್ಯಾಟ್. ಹೀಗಾಗಿ ಅದರ ಮೇಲೆ 1000 ವ್ಯಾಟ್ ಎಂದು ಬರೆದಿರುತ್ತದೆ.

ರೋಧ ಎನ್ನುವುದು ಗಿರಣಿಯ ಕಲ್ಲಿನ ಹಾಗೆ, ಚಲನೆಗೆ ಅಡ್ಡ ನಿಲ್ಲುವುದು. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ಓಮ್‌ಗಳಲ್ಲಿ ಅದರ ಲೆಕ್ಕ ಸಿಗುತ್ತದೆ. ಜರ್ಮನಿಯ ಜಾರ್ಜ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ. ಇಸ್ತ್ರಿಪೆಟ್ಟಿಗೆಗೆ ಸುಮಾರು 53 ಓಮ್. ಇಲ್ಲಿ ಒಂದು ತಮಾಷೆ ಇದೆ. ಹಳೆಯ ಕಾಲದ 60 ವ್ಯಾಟಿನ ತಂತಿ ಬಲ್ಬಿಗೆ ಇದೇ ಲೆಕ್ಕ ಹಾಕಿದರೆ 880 ಓಮ್ ಬರುತ್ತದೆ. ಅದೇ ಬಲ್ಬನ್ನು ಬಿಚ್ಚಿ ಮಲ್ಟಿಮೀಟರಿನಿಂದ ಅಳೆದರೆ ನೂರು ಓಮ್ ಕೂಡ ತೋರಿಸುವುದಿಲ್ಲ. ಯಾರ ತಪ್ಪೂ ಅಲ್ಲ. ತಣ್ಣಗಿರುವ ಟಂಗ್‌ಸ್ಟನ್ ಎಳೆಯ ರೋಧ ಬಹಳ ಕಡಿಮೆ, ಬಿಳಿ ಕಾವು ಏರಿದಾಗ ಹತ್ತು ಪಟ್ಟಿಗೂ ಹೆಚ್ಚಾಗುತ್ತದೆ. ಓಮ್ ನಿಯಮದ ಕೊನೆಯಲ್ಲಿ ‘ತಾಪ ಸ್ಥಿರವಾಗಿದ್ದಾಗ’ ಎಂಬ ಬಾಲಂಗೋಚಿ ಇರುತ್ತದಲ್ಲ, ಪರೀಕ್ಷೆಯಲ್ಲಿ ಬರೆಯಲು ಮರೆತು ಅರ್ಧ ಅಂಕ ಕಳೆದುಕೊಳ್ಳುವುದು, ಅದು ಇದಕ್ಕೇ.

ಸರಣಿ, ಸಮಾಂತರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಣೇಶನ ಮಂಟಪಕ್ಕೆ ಹಾಕುತ್ತಿದ್ದ ಹಳೆಯ ಸೀರಿಯಲ್ ಸೆಟ್ಟಿನಲ್ಲಿ ಒಂದು ಬಲ್ಬ್ ಹೋದರೆ ಇಡೀ ಮಾಲೆ ಆರುತ್ತಿತ್ತು; ಅದು ಸರಣಿ. ಅಡುಗೆಮನೆಯ ದೀಪ ಆರಿಸಿದರೆ ಪಡಸಾಲೆಯ ದೀಪ ಆರುವುದಿಲ್ಲ, ಅದು ಸಮಾಂತರ.

ಇನ್ನು ನಿನ್ನ ಅಪ್ಪನನ್ನು ಇನ್ನಷ್ಟು ಬೆರಗುಗೊಳಿಸುವ ಮಾತು. ‘ಬಂದ ಕರೆಂಟ್ ವಾಪಸ್ ಹೋಗುತ್ತದೆ’ ಎಂದೆಯಲ್ಲ, ನಿಜ ಹೇಳಬೇಕೆಂದರೆ ಏನೂ ಬಂದೇ ಇಲ್ಲ. ಒಂದೂವರೆ ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ ಇಸ್ತ್ರಿಪೆಟ್ಟಿಗೆಯ 4.35 ಆಂಪಿಯರ್ ಒಂದೇ ದಿಕ್ಕಿನಲ್ಲಿ ಹರಿದರೆ ಎಲೆಕ್ಟ್ರಾನುಗಳು ಸರಾಸರಿ ಮುಂದೆ ಸರಿಯುವುದು ಸೆಕೆಂಡಿಗೆ ಒಂದು ಮಿಲಿಮೀಟರಿನ ಐದನೆಯ ಒಂದು ಭಾಗ. ಒಂದು ಮೀಟರ್ ದಾಟಲು ಒಂದೂಕಾಲು ಗಂಟೆಗೂ ಹೆಚ್ಚು. ಬಸವನಹುಳ ಇದನ್ನು ಹಿಂದೆ ಹಾಕಿ ಹೋಗುತ್ತದೆ. ಅದರ ಮೇಲೆ ಮನೆಗೆ ಬರುವುದು ಎಸಿ, ಅಂದರೆ ಪರ್ಯಾಯ ಪ್ರವಾಹ. ಸೆಕೆಂಡಿಗೆ 50 ಸಲ ಮುಂದೆ ಹೋಗಿ ಹಿಂದೆ ಬರುತ್ತದೆ. ಆ ಅಲ್ಪ ಸಮಯದಲ್ಲಿ ಎಲೆಕ್ಟ್ರಾನು ಅತ್ತಿತ್ತ ಸರಿಯುವುದು ಮಿಲಿಮೀಟರಿನ ಸಾವಿರದಲ್ಲಿ ಒಂದೆರಡು ಭಾಗ, ಅಷ್ಟೇ. ನಿಂತಲ್ಲೇ ತೂಗುತ್ತಿದೆ ಎನ್ನಬೇಕು. ನಿಮ್ಮ ಇಸ್ತ್ರಿಪೆಟ್ಟಿಗೆಯ ತಂತಿಯಲ್ಲಿ ಕೆಲಸ ಮಾಡುವ ಎಲೆಕ್ಟ್ರಾನುಗಳು ಕಂಬದಿಂದ ಬಂದವಲ್ಲ. ನೀವು ಅಂಗಡಿಯಿಂದ ತಂದಾಗಲೇ ಅವು ಆ ತಾಮ್ರದಲ್ಲಿದ್ದವು.

ಹಿಂದೆ ಮುಂದೆ ಅಲುಗಿದರೆ ಕೆಲಸ ಹೇಗೆ ಆಗುತ್ತದೆ ಎಂದು ಕೇಳುತ್ತೀಯ. ಮರ ಕೊಯ್ಯುವ ಗರಗಸ ನೋಡಿದ್ದೀಯಲ್ಲ? ಇಬ್ಬರು ಎರಡು ಕಡೆ ಹಿಡಿದು ಎಳೆದಾಡುತ್ತಾರೆ. ಗರಗಸ ಎಲ್ಲಿಗೂ ಹೋಗುವುದಿಲ್ಲ, ದಿಮ್ಮಿ ಮಾತ್ರ ಎರಡು ಹೋಳಾಗುತ್ತದೆ. ಸ್ವಿಚ್ ಹಾಕಿದ ಕೂಡಲೇ ದೀಪ ಹತ್ತುವುದೂ ಇದೇ ಕಾರಣಕ್ಕೆ. ಬೆಲ್ಟಿನ ಒಂದು ತುದಿ ಎಳೆದರೆ ಇನ್ನೊಂದು ತುದಿ ಆಗಲೇ ಅಲುಗುತ್ತದೆ. ಎಲೆಕ್ಟ್ರಾನು ನಿಧಾನ, ಅವುಗಳನ್ನು ತಳ್ಳುವ ವಿದ್ಯುತ್ ಕ್ಷೇತ್ರ ತಂತಿಯುದ್ದಕ್ಕೂ ಬೆಳಕಿನ ವೇಗಕ್ಕೆ ಹತ್ತಿರದ ವೇಗದಲ್ಲಿ ಹರಡಿಬಿಡುತ್ತದೆ.

ನಿಮ್ಮೂರಿನ ಟಿಸಿಯ ಬಳಿಯೂ ಒಂದು ಪುರಾವೆ ಇದೆ. ಟ್ರಾನ್ಸ್‌ಫಾರ್ಮರನ್ನು ನಮ್ಮ ಹಳ್ಳಿಗಳಲ್ಲಿ ಟಿಸಿ ಎಂದೇ ಕರೆಯುವುದು, ನಾನೂ ಹಾಗೇ ಕರೆಯುತ್ತೇನೆ. ಮೇಲಿನಿಂದ 11,000 ವೋಲ್ಟಿನ ಮೂರು ತಂತಿ ಬಂದು ಅದರೊಳಗೆ ಇಳಿಯುತ್ತವೆ, ಇನ್ನೊಂದು ಕಡೆಯಿಂದ ಊರಿನ ಲೈನ್ ಹೊರಡುತ್ತದೆ. ಒಳಗೆ ಈ ಎರಡಕ್ಕೂ ಸಂಬಂಧ ಏನು? ತಂತಿಯ ಸಂಬಂಧ ಇಲ್ಲವೇ ಇಲ್ಲ. ಒಂದು ಕಬ್ಬಿಣದ ತಿರುಳಿನ ಮೇಲೆ ಎರಡು ಬೇರೆ ಬೇರೆ ಸುರುಳಿಗಳು, ನಡುವೆ ಕಾಗದ ಮತ್ತು ಎಣ್ಣೆಯ ನಿರೋಧಕ. ಆ ಕಡೆಯ ಒಂದೇ ಒಂದು ಎಲೆಕ್ಟ್ರಾನು ಈ ಕಡೆಗೆ ದಾಟಲು ದಾರಿಯಿಲ್ಲ. ದಾಟುವುದು ಕಾಂತಕ್ಷೇತ್ರದ ಏರಿಳಿತ ಮಾತ್ರ. ಮೈಕೆಲ್ ಫ್ಯಾರಡೆ 1831ರಲ್ಲಿ ಕಬ್ಬಿಣದ ಬಳೆಗೆ ಎರಡು ಸುರುಳಿ ಸುತ್ತಿ ಕಂಡುಕೊಂಡದ್ದು. ಜಲಾಶಯದ ಬುಡದಿಂದ ನಿಮ್ಮ ಗಿರಣಿಯವರೆಗೆ ಇಂಥ ಟ್ರಾನ್ಸ್‌ಫಾರ್ಮರುಗಳು ನಾಲ್ಕೈದಾದರೂ ಇರುತ್ತವೆ. ಬೆಲ್ಟಿನಿಂದ ಬೆಲ್ಟಿಗೆ, ಬೆಲ್ಟಿನಿಂದ ಬೆಲ್ಟಿಗೆ ಶಕ್ತಿ ದಾಟುತ್ತಾ ಬರುತ್ತದೆ. ಯಾವ ಬೆಲ್ಟೂ ತನ್ನ ಊರು ಬಿಟ್ಟು ಬರುವುದಿಲ್ಲ.

ಇಷ್ಟೊಂದು ಏರಿಸಿ ಇಳಿಸುವ ಉಸಾಬರಿ ಏಕೆ? ಒಂದು ಲೆಕ್ಕ ಮಾಡು. ಒಂದು ಲಕ್ಷ ವ್ಯಾಟನ್ನು 10 ಓಮ್ ರೋಧವಿರುವ ಲೈನಿನಲ್ಲಿ ಕಳಿಸಬೇಕು. 1,000 ವೋಲ್ಟಿನಲ್ಲಿ ಕಳಿಸಿದರೆ ಕರೆಂಟ್ 100 ಆಂಪಿಯರ್. ಲೈನ್ ಬಿಸಿಯಾಗಿ ಪೋಲಾಗುವ ಶಕ್ತಿ ಕರೆಂಟಿನ ವರ್ಗ ಗುಣಿಸು ರೋಧ, ಅಂದರೆ 100 ಗುಣಿಸು 100 ಗುಣಿಸು 10, ಸರಿಯಾಗಿ ಒಂದು ಲಕ್ಷ ವ್ಯಾಟ್! ದಾರಿಯಲ್ಲೇ ಎಲ್ಲ ಮುಗಿಯಿತು. ಅದನ್ನೇ 11,000 ವೋಲ್ಟಿಗೆ ಏರಿಸಿದರೆ ಕರೆಂಟ್ ಸುಮಾರು 9 ಆಂಪಿಯರಿಗೆ ಇಳಿಯುತ್ತದೆ, ಪೋಲು 830 ವ್ಯಾಟಿನ ಆಸುಪಾಸು. ನೂರಕ್ಕೆ ಒಂದು ಪಾಲೂ ಇಲ್ಲ.

ಈ ಲೆಕ್ಕವನ್ನು ನಮ್ಮ ನೆಲದ ಮೇಲೆ ಬಹಳ ಮುಂಚೆಯೇ ಮಾಡಿ ತೋರಿಸಿದ್ದಾರೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೆತ್ತಿಕೊಂಡ ಶಿವನಸಮುದ್ರದ ಯೋಜನೆಯಿಂದ 1902ರ ಜೂನ್‌ನಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. ದೂರ ಸುಮಾರು 147 ಕಿಲೋಮೀಟರ್. ಆಗ ಅಷ್ಟು ದೂರ ವಿದ್ಯುತ್ ಕಳಿಸುವುದೆಂದರೆ ಜಗತ್ತೇ ತಿರುಗಿ ನೋಡುವ ಸಾಹಸ. ಮೂವತ್ತು-ಮೂವತ್ತೈದು ಸಾವಿರ ವೋಲ್ಟಿಗೆ ಏರಿಸಿದ್ದರಿಂದ ಅದು ಸಾಧ್ಯವಾಯಿತು. ನೂರು ವರ್ಷ ಕಳೆದು 2003ರಲ್ಲಿ ಅದೇ ಕೋಲಾರಕ್ಕೆ ಒಡಿಶಾದ ತಾಲ್ಚೇರ್‌ನಿಂದ ಐದು ಲಕ್ಷ ವೋಲ್ಟಿನ ಏಕಮುಖ ವಿದ್ಯುತ್ತಿನ ಲೈನ್ ಬಂತು, ಸಾವಿರದ ಮುನ್ನೂರು ಕಿಲೋಮೀಟರಿಗೂ ಉದ್ದದ್ದು. ಚಿನ್ನದ ಗಣಿ ಮುಚ್ಚಿತ್ತು, ಲೈನುಗಳಿಗೆ ಮಾತ್ರ ಕೋಲಾರದ ಮೋಹ ಬಿಟ್ಟಿರಲಿಲ್ಲ.

ಟೆಸ್ಟರಿನ ಪ್ರಶ್ನೆಗೆ ಬರುತ್ತೇನೆ. ಟೆಸ್ಟರ್ ಕರೆಂಟನ್ನು ಹುಡುಕುವ ಸಾಧನವಲ್ಲ. ಅದರ ತುದಿಗೂ ನಿನ್ನ ಮೈಗೂ, ಮೈ ಮೂಲಕ ನೆಲಕ್ಕೂ, ಮಟ್ಟದ ವ್ಯತ್ಯಾಸ ಇದೆಯೇ ಎಂದಷ್ಟೇ ಅದು ನೋಡುತ್ತದೆ. ಟಿಸಿಯ ಬಳಿ ನ್ಯೂಟ್ರಲನ್ನು ನೆಲಕ್ಕೆ ಅರ್ತ್ ಮಾಡಿರುತ್ತಾರೆ. ಹಾಗಾಗಿ ನ್ಯೂಟ್ರಲಿನ ಮಟ್ಟವೂ ನೆಲದ ಮಟ್ಟವೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿಲ್ಲದಲ್ಲಿ ಟೆಸ್ಟರಿನ ನಿಯಾನ್ ದೀಪ ಉರಿಯುವುದಿಲ್ಲ, ಆ ತಂತಿಯಲ್ಲಿ ಹತ್ತು ಆಂಪಿಯರ್ ಹರಿಯುತ್ತಿದ್ದರೂ ಸರಿಯೇ. ಲೈನಿನ ಮೇಲೆ ಕೂತ ಕಾಗೆಯ ಗುಟ್ಟೂ ಇದೇ. ಅದರ ಎರಡು ಕಾಲುಗಳ ನಡುವಿನ ನಾಲ್ಕು ಬೆರಳು ತಂತಿಯಲ್ಲಿ ಮಟ್ಟದ ವ್ಯತ್ಯಾಸ ಕೆಲವು ಮಿಲಿವೋಲ್ಟ್ ಅಷ್ಟೇ. ರೆಕ್ಕೆ ಅಗಲವಿರುವ ಬಾವಲಿ ಎರಡು ತಂತಿಗಳನ್ನು ಒಟ್ಟಿಗೆ ಮುಟ್ಟಿಬಿಡುತ್ತದೆ. ಅದರ ಕಥೆ ಅಲ್ಲಿಗೆ ಮುಗಿಯಿತು. ಬೆಳಿಗ್ಗೆ ಲೈನ್‌ಮ್ಯಾನ್ ಬಂದು ಫ್ಯೂಸ್ ಹಾಕುವಾಗ ಕೆಳಗೆ ಬಿದ್ದಿರುತ್ತದೆ.

‘ಟೆಸ್ಟರ್ ಉರಿಯುವುದಿಲ್ಲ, ಹಾಗಾದರೆ ನ್ಯೂಟ್ರಲ್ ಮುಟ್ಟಬಹುದು’ ಎಂಬ ಧೈರ್ಯ ಮಾತ್ರ ಬೇಡ. ನ್ಯೂಟ್ರಲ್ ಎಲ್ಲಾದರೂ ತುಂಡಾದರೆ, ತುಂಡಾದ ಜಾಗದಿಂದ ಮನೆಯ ಕಡೆಗಿನ ತುದಿ, ಉರಿಯಬೇಕಾಗಿದ್ದ ಬಲ್ಬುಗಳ ಮೂಲಕ ಫೇಸಿನ ಮಟ್ಟಕ್ಕೆ ಏರಿ ಕೂತಿರುತ್ತದೆ. ಟಿಸಿಯ ಬಳಿಯೇ ತುಂಡಾದರೆ ಇನ್ನೊಂದು ಅವಾಂತರ: ಕೆಲವು ಮನೆಗಳಲ್ಲಿ ದೀಪ ಮಂಕಾಗಿ, ಬೇರೆ ಫೇಸಿನ ಮನೆಗಳಲ್ಲಿ ವೋಲ್ಟೇಜ್ 230ರಿಂದ 300, 350 ಎಂದು ಏರಿ ಟಿ.ವಿ., ಫ್ರಿಜ್ ಸುಡುತ್ತವೆ. ಒಂದು ಮಳೆಗಾಲದ ರಾತ್ರಿ ಹೀಗೆ ಒಂದು ಓಣಿಯ ಹದಿಮೂರು ಟಿ.ವಿ.ಗಳು ಸುಟ್ಟವು. ಮರುದಿನ ಊರವರೆಲ್ಲ ‘ನಿನ್ನೆ ಕರೆಂಟ್ ಜಾಸ್ತಿ ಬಂತು’ ಎಂದು ನನ್ನ ಮೇಲೆ ಹರಿಹಾಯ್ದರು. ಜಾಸ್ತಿಯಾದದ್ದು ಕರೆಂಟಲ್ಲ, ವೋಲ್ಟೇಜ್ ಎಂದು ತಿದ್ದುವ ಸಮಯ ಅದಾಗಿರಲಿಲ್ಲ.

ಈಗ ಕ್ಲ್ಯಾಂಪ್ ಮೀಟರಿನ ಆ ಸೊನ್ನೆಯನ್ನು ನೆನಪಿಸಿಕೋ. ಹೊಸ ಮನೆಗಳ ಬೋರ್ಡಿನಲ್ಲಿ ‘ಟೆಸ್ಟ್’ ಎಂಬ ಪುಟ್ಟ ಗುಂಡಿ ಇರುವ ಒಂದು ಸ್ವಿಚ್ ಇರುತ್ತದೆ. ಆರ್‌ಸಿಸಿಬಿ ಎಂದು ಹೆಸರು, ಹಳೆಯ ಎಲೆಕ್ಟ್ರಿಷಿಯನ್ನರು ಇಂದಿಗೂ ಇಎಲ್‌ಸಿಬಿ ಎನ್ನುತ್ತಾರೆ. ಅದರ ಹೊಟ್ಟೆಯಲ್ಲಿ ಒಂದು ಬಳೆಯಂಥ ತಿರುಳು, ಅದರ ಮೂಲಕ ಫೇಸ್ ಮತ್ತು ನ್ಯೂಟ್ರಲ್ ಎರಡೂ ಹಾದುಹೋಗುತ್ತವೆ. ಹೋದಷ್ಟೇ ವಾಪಸ್ ಬರುವವರೆಗೂ ಒಂದರ ಪ್ರಭಾವವನ್ನು ಇನ್ನೊಂದು ಅಳಿಸುತ್ತದೆ, ಬಳೆಗೆ ಏನೂ ಗೊತ್ತಾಗುವುದಿಲ್ಲ. ಒದ್ದೆ ಕೈಯಲ್ಲಿ ಯಾರೋ ಫೇಸನ್ನು ಮುಟ್ಟಿದರು ಎಂದುಕೋ. ಸ್ವಲ್ಪ ಕರೆಂಟ್ ನ್ಯೂಟ್ರಲಿಗೆ ಬರದೆ ಅವರ ಮೈ ಮೂಲಕ ನೆಲಕ್ಕೆ ಹೋಯಿತು. ಹೋದದ್ದಕ್ಕೂ ಬಂದದ್ದಕ್ಕೂ 30 ಮಿಲಿಆಂಪಿಯರ್, ಅಂದರೆ ಒಂದು ಆಂಪಿಯರಿನ ನೂರರಲ್ಲಿ ಮೂರು ಪಾಲು ವ್ಯತ್ಯಾಸ ಬಂದರೆ ಸಾಕು, ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಲೈನ್ ಕಡಿದುಹಾಕುತ್ತದೆ. ಇಡೀ ಸಾಧನ ನಿಂತಿರುವುದು ನಿನ್ನ ಪಾಠದ ಆ ಒಂದು ವಾಕ್ಯದ ಮೇಲೆ.

ಫ್ಯೂಸ್ ಇದೆಯಲ್ಲ ಎನ್ನಬೇಡ. ಒದ್ದೆ ಮೈಯ ರೋಧವನ್ನು 1000 ಓಮ್ ಎಂದು ಹಿಡಿ. 230 ವೋಲ್ಟಿಗೆ ಮೈಯಲ್ಲಿ ಹರಿಯುವುದು 0.23 ಆಂಪಿಯರ್. ಹೃದಯ ನಿಲ್ಲಿಸಲು ಅದು ಬೇಕಾದಷ್ಟಾಯಿತು. ಐದು ಆಂಪಿಯರಿನ ಫ್ಯೂಸಿಗೆ ಅದು ಲೆಕ್ಕಕ್ಕೇ ಇಲ್ಲ. ಫ್ಯೂಸ್ ಇರುವುದು ತಂತಿಯನ್ನು ಕಾಯಲು, ಮನುಷ್ಯನನ್ನಲ್ಲ. ಗಿರಣಿಯಲ್ಲಿ ಆರ್‌ಸಿಸಿಬಿ ಇದೆಯೇ, ಮೋಟಾರಿಗೆ ಅರ್ತಿಂಗ್ ಸರಿಯಾಗಿದೆಯೇ ಎಂದು ಅಪ್ಪನನ್ನು ಕೇಳು. ಇದಿಷ್ಟು ನೀನು ಕೇಳದೆ ನಾನಾಗಿ ಹೇಳಿದ್ದು.

ಕೊನೆಗೆ ಬಿಲ್ಲು. ಒಂದು ಸಾವಿರ ವ್ಯಾಟಿನ ವಸ್ತು ಒಂದು ಗಂಟೆ ಓಡಿದರೆ ಒಂದು ಯೂನಿಟ್. ಜೂಲ್ ಲೆಕ್ಕದಲ್ಲಿ 36 ಲಕ್ಷ. ಆ ಸಂಖ್ಯೆ ಕೈಗೆ ಸಿಗುವುದಿಲ್ಲ, ಹಾಗಾಗಿ ನೀರು ಹೊರೋಣ. ತಾರಸಿಯ ಮೇಲೆ ಹತ್ತು ಮೀಟರ್ ಎತ್ತರದಲ್ಲಿ ಸಾವಿರ ಲೀಟರಿನ ಟ್ಯಾಂಕ್ ಇದೆ. ಅದನ್ನು ಒಂದು ಸಲ ತುಂಬಿಸಲು ಬೇಕಾದ ಶಕ್ತಿ 98,000 ಜೂಲ್. ಒಂದು ಯೂನಿಟ್ಟಿನಲ್ಲಿ ಅಂಥ 36 ಟ್ಯಾಂಕ್ ತುಂಬಬಹುದು. ಪಂಪು ಅರ್ಧ ಪೋಲು ಮಾಡಿತು ಎಂದುಕೊಂಡರೂ 18 ಟ್ಯಾಂಕ್. ಕೊಡ ಹೊತ್ತು ಮೆಟ್ಟಿಲು ಹತ್ತುವವರಿಗೆ ಅದು ಎಷ್ಟು ದಿನದ ಕೂಲಿ ಎಂದು ಲೆಕ್ಕ ಹಾಕು. ಗಟ್ಟಿಮುಟ್ಟಾದ ಆಳು ದಿನವಿಡೀ ಎಡೆಬಿಡದೆ ದುಡಿಯಬಲ್ಲ ದರ ಸುಮಾರು 75 ವ್ಯಾಟ್. ಎಂಟು ಗಂಟೆಗೆ 0.6 ಯೂನಿಟ್. ಜೋಗದ ನೆತ್ತಿಯಿಂದ ಸಾವಿರ ಲೀಟರ್ ನೀರು 253 ಮೀಟರ್ ಕೆಳಗೆ ಬಿದ್ದರೂ ಹುಟ್ಟುವ ಶಕ್ತಿ 0.7 ಯೂನಿಟ್ ದಾಟುವುದಿಲ್ಲ. ಹತ್ತು ಎಚ್.ಪಿ.ಯ ಗಿರಣಿ ಮೋಟಾರ್ ಪೂರ್ತಿ ಹೊರೆಯಲ್ಲಿ ಗಂಟೆಗೆ ಏಳೂವರೆ ಯೂನಿಟ್ಟಿಗೂ ಹೆಚ್ಚು ಎಳೆಯುತ್ತದೆ. ಅಪ್ಪ ಬಿಲ್ ಕಟ್ಟುತ್ತಿರುವುದು ಎಲ್ಲೋ ಬಿದ್ದ ನೀರಿನ, ಎಲ್ಲೋ ಉರಿದ ಕಲ್ಲಿದ್ದಲಿನ, ಎಲ್ಲೋ ಬೀಸಿದ ಗಾಳಿಯ ಶ್ರಮಕ್ಕೆ. ಅದು ಜೋಳವನ್ನು ಹಿಟ್ಟು ಮಾಡಿತು, ಉಳಿದದ್ದು ಶಾಖವಾಯಿತು. ಬೀಸಿದ ಹಿಟ್ಟು ಕೈಗೆ ಬೆಚ್ಚಗೆ ಹತ್ತುತ್ತದಲ್ಲ, ಆ ಬಿಸಿಯೂ ಬಿಲ್ಲಿನಲ್ಲಿದೆ. ಅದಂತೂ ಲೈನಿಗೆ ವಾಪಸ್ ಹೋಗುವುದಿಲ್ಲ.

ಇದನ್ನು ನೀನೇ ಅಳೆಯಬಹುದು, ಯಾವ ತಂತಿಯನ್ನೂ ಮುಟ್ಟದೆ. ಮನೆಯ ಮೀಟರಿನ ಮೇಲೆ ಕೆಂಪು ದೀಪವೊಂದು ಆಗಾಗ ಮಿಣುಕುತ್ತದೆ, ಪಕ್ಕದಲ್ಲೇ ಒಂದು ಯೂನಿಟ್ಟಿಗೆ ಎಷ್ಟು ಮಿಣುಕು ಎಂದು ಬರೆದಿರುತ್ತದೆ. 3200 ಎಂದಿದೆ ಎಂದುಕೋ. ಮನೆಯ ಎಲ್ಲ ಸ್ವಿಚ್ ಆರಿಸಿ, ಇಸ್ತ್ರಿಪೆಟ್ಟಿಗೆ ಒಂದನ್ನೇ ಹಾಕು. 1000 ವ್ಯಾಟ್ ಎಂದರೆ ಗಂಟೆಗೆ 3200 ಮಿಣುಕು, ನಿಮಿಷಕ್ಕೆ 53. ಆಮೇಲೆ ಇಸ್ತ್ರಿಪೆಟ್ಟಿಗೆ ತೆಗೆದು 9 ವ್ಯಾಟಿನ ಎಲ್‌ಇಡಿ ಬಲ್ಬ್ ಒಂದನ್ನೇ ಹಾಕು. ಒಂದು ಮಿಣುಕಿಗೂ ಇನ್ನೊಂದಕ್ಕೂ ನಡುವೆ ಎರಡು ನಿಮಿಷ ದಾಟುತ್ತದೆ, ತಾಳ್ಮೆ ಇರಲಿ. ಇಸ್ತ್ರಿಪೆಟ್ಟಿಗೆಯ ಎಣಿಕೆಯನ್ನು ಮಾತ್ರ ಅದು ತಣ್ಣಗಿದ್ದಾಗಲೇ ಶುರು ಮಾಡು. ಕಾದ ಮೇಲೆ ಅದು ತಾನಾಗಿಯೇ ಆರಿ ಹತ್ತಿ ಮಾಡುತ್ತದೆ, ಆಗ ಲೆಕ್ಕ 53ಕ್ಕೆ ಸರಿಹೊಂದದೆ ಅಪ್ಪ ಮೀಟರಿನ ಮೇಲೆಯೇ ಅನುಮಾನ ಪಟ್ಟಾರು.